ಬೆಂಗಳೂರು ಏರ್‌ಪೋರ್ಟಿನ ಲೌಂಜಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದ ಅನುಭವ

ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿ ಮೊನ್ನೆ ತಾನೇ ವಾಪಸ್ ಬಂದೆವು. ಯಾತ್ರೆ ಚೆನ್ನಾಗಿಯೇ ಆಯಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಬರೆಯುತ್ತಿರುವುದು ಹೊರಡುವ ದಿನ ಬೆಂಗಳೂರು ಏರ್‌ಪೋರ್ಟಿನಲ್ಲಿ ಲೌಂಜ್, ಅಂದರೆ ವಿಮಾನಕ್ಕೆ ಕಾಯುವವರು ಆರಾಮವಾಗಿ ಕೂತು ತಿಂಡಿ ತಿನ್ನುವ ಜಾಗ, ಅದರ ಒಳಗೆ ಹೋಗಲು ಪಟ್ಟ ಪಾಡಿನ ಬಗ್ಗೆ. ನಮ್ಮ ನೆಂಟರಲ್ಲಿ, ಆಫೀಸಿನಲ್ಲಿ, ಯಾರನ್ನು ಕೇಳಿದರೂ "ಕಾರ್ಡ್ ಇದೆಯಲ್ಲ, ಎರಡು ರೂಪಾಯಿಗೆ ಹೊಟ್ಟೆ ತುಂಬ ತಿಂಡಿ" ಅಂತಾರೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಈಗ ಅಷ್ಟು ಸಲೀಸಾಗಿಲ್ಲ. ಅದರಲ್ಲೂ ರಜೆಯ ಸಮಯದಲ್ಲಿ, ಬೆಳಗಿನ ವಿಮಾನಕ್ಕೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಒಮ್ಮೆ ಓದಿಕೊಂಡರೆ ಬಾಗಿಲಲ್ಲಿ ನಿಂತು ಒದ್ದಾಡುವುದು ತಪ್ಪುತ್ತದೆ.

ನಮಗೆ ಲೌಂಜ್ ಬೇಕಾಗಿದ್ದು ಶೋಕಿಗಲ್ಲ. ಅಮ್ಮನಿಗೆ ಶುಗರ್ ಇದೆ. ಬೆಳಗ್ಗೆ ಮಾತ್ರೆ ತಗೊಂಡ ಮೇಲೆ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಲೇಬೇಕು. ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಬೆಳಗ್ಗೆ ಎಂಟರ ಆಸುಪಾಸಿನ ವಿಮಾನಕ್ಕೆ ರಾಜಾಜಿನಗರದಿಂದ ಮೂರೂವರೆಗೇ ಹೊರಡಬೇಕು. ನಿದ್ದೆ ಇಲ್ಲ, ತಿಂಡಿ ಇಲ್ಲ. ಒಂದೆರಡು ಗಂಟೆ ನೆಮ್ಮದಿಯಾಗಿ ಕೂರುವ ಜಾಗ, ಹತ್ತಿರದಲ್ಲೇ ಶೌಚಾಲಯ, ಬಿಸಿ ತಿಂಡಿ ಇದ್ದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಹೊರಗಿನ ಅಂಗಡಿಗಳಲ್ಲಿ ಮೂರು ಜನ ತಿಂಡಿ ಕಾಫಿ ಮುಗಿಸಿದರೆ ಸಾವಿರ ರೂಪಾಯಿ ಆಗಿಬಿಡುತ್ತದೆ. ಆ ಲೆಕ್ಕವೂ ತಲೆಯಲ್ಲಿತ್ತು.

ಲೌಂಜ್ ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಪ್ಪ ಕೂಡ ಇದನ್ನೇ ಕೇಳಿದ್ದರು, "ನಮ್ಮ ಟಿಕೆಟ್‌ನಲ್ಲೇ ಇದು ಸೇರಿದೆಯಾ?" ಅಂತ. ಇಲ್ಲ. ವಿಮಾನ ಕಂಪನಿಗಳು ತಮ್ಮ ಬಿಸಿನೆಸ್ ಕ್ಲಾಸ್ ಪ್ರಯಾಣಿಕರಿಗೆ, ಪದೇ ಪದೇ ಹಾರಾಡುವ ಸದಸ್ಯರಿಗೆ ಅಂತ ಲೌಂಜ್ ಸೌಲಭ್ಯ ಕೊಡುತ್ತವೆ. ನಮ್ಮಂಥ ಸಾಮಾನ್ಯ ಟಿಕೆಟಿನವರು ಹೋಗುವುದು ಬ್ಯಾಂಕಿನ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನ ಬಲದ ಮೇಲೆ. ನಾವು ಒಳಗೆ ಹೋದ ಪ್ರತಿ ಸಲವೂ ತಲೆಗೆ ಇಷ್ಟು ಅಂತ ನಮ್ಮ ಪರವಾಗಿ ಬ್ಯಾಂಕಿನಿಂದಲೋ ಕಾರ್ಡ್ ಕಂಪನಿಯಿಂದಲೋ ಲೌಂಜಿಗೆ ದುಡ್ಡು ಹೋಗುತ್ತದೆ. ನಮ್ಮ ಕಾರ್ಡಿನಿಂದ ಹೋಗುವ ಎರಡು ರೂಪಾಯಿ ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ನೋಡಲಿಕ್ಕೆ ಮಾತ್ರ. ಅಂದರೆ ಇದು ಪುಕ್ಕಟೆ ತಿಂಡಿ ಅಲ್ಲ, ಯಾರೋ ಬಿಲ್ ಕಟ್ಟುತ್ತಿದ್ದಾರೆ. ಕಾರ್ಡ್ ಇರುವವರು ಹೆಚ್ಚಿದಂತೆ ಬ್ಯಾಂಕುಗಳ ಬಿಲ್ ಹೆಚ್ಚಿತು. 2024ರಿಂದ ಒಂದೊಂದೇ ಬ್ಯಾಂಕು ಷರತ್ತು ಹಾಕತೊಡಗಿತು. ಹಿಂದಿನ ಮೂರು ತಿಂಗಳಲ್ಲಿ 35,000 ಖರ್ಚು ಮಾಡಿರಬೇಕು, 50,000 ಮಾಡಿರಬೇಕು, ಕೆಲವು ಕಾರ್ಡಿಗೆ 75,000 ಮಾಡಿರಬೇಕು, ಹೀಗೆ.

ಇದರ ಮೇಲೆ ಇನ್ನೊಂದು ತೊಡಕು ಇದೆ. ಬ್ಯಾಂಕಿಗೂ ಲೌಂಜಿಗೂ ನಡುವೆ ಲೆಕ್ಕ ನೋಡಿಕೊಳ್ಳುವ ಮಧ್ಯವರ್ತಿ ಕಂಪನಿಗಳಿವೆ. ಅವುಗಳಲ್ಲಿ ತುಂಬಾ ದೊಡ್ಡದೊಂದು 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ಬ್ಯಾಂಕುಗಳು ಬೇರೆ ದಾರಿ ಹಿಡಿಯಬೇಕಾಯಿತು. ಹೀಗಾಗಿ ಈಗ ಒಂದು ಕಾರ್ಡನ್ನು ಯಂತ್ರದಲ್ಲಿ ಉಜ್ಜಿದರೆ ಸಾಕು, ಇನ್ನೊಂದಕ್ಕೆ ಬ್ಯಾಂಕ್ ಆಪ್‌ನಲ್ಲಿ ಮೊದಲೇ ವೋಚರ್ (ಒಳಗೆ ಬಿಡಲು ಬೇಕಾದ ಚೀಟಿ) ತೆಗೆದು ಕ್ಯೂಆರ್ ತೋರಿಸಬೇಕು, ಮತ್ತೊಂದಕ್ಕೆ ಒಟಿಪಿ ಬರುತ್ತದೆ. ಎರಡು ವರ್ಷ ಹಿಂದಿನ ವಿಡಿಯೋ ನೋಡಿಕೊಂಡು ಹೋದರೆ ಉಪಯೋಗಕ್ಕೆ ಬರುವುದಿಲ್ಲ.

ನಾನು ಹೊರಡುವ ಮೊದಲೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದ್ದೆ. ನಮ್ಮ ಹತ್ತಿರ ಮೂರು ಕಾರ್ಡ್. ಒಂದು ನನ್ನ ಕ್ರೆಡಿಟ್ ಕಾರ್ಡ್. ಅದಕ್ಕೇ ಸೇರಿಸಿ ಅಪ್ಪನ ಹೆಸರಿನಲ್ಲಿ ಮಾಡಿಸಿದ್ದ ಆಡ್ ಆನ್ ಕಾರ್ಡ್ ಒಂದು. ಅಮ್ಮನದು ಬೇರೆ ಬ್ಯಾಂಕಿನ ರುಪೇ ಪ್ಲಾಟಿನಂ ಡೆಬಿಟ್ ಕಾರ್ಡ್, ಅವರ ಪಿಂಚಣಿ ಬರುವ ಖಾತೆಯದು. ಸಂಗೀತ ಕೇಳಿಸಿಕೊಂಡು ಬಹಳ ಹೊತ್ತು ಕಾದ ಮೇಲೆ ಸಿಕ್ಕಿದ ಹುಡುಗಿ ಒಳ್ಳೆಯ ಮನಸ್ಸಿನವಳು, ನಿಧಾನವಾಗಿ ವಿವರಿಸಿದಳು. ನನ್ನ ಬ್ಯಾಂಕಿನಲ್ಲಿ "ಹಿಂದಿನ ಮೂರು ತಿಂಗಳು" ಅಂದರೆ ಹೊರಡುವ ದಿನದಿಂದ ಹಿಂದಕ್ಕೆ ಎಣಿಸುವುದಲ್ಲ. ಕ್ಯಾಲೆಂಡರಿನ ತ್ರೈಮಾಸಿಕ. ಅಕ್ಟೋಬರ್‌ನಲ್ಲಿ ಹೊರಡುವವರಿಗೆ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಖರ್ಚು ಲೆಕ್ಕ. ಅಕ್ಟೋಬರ್‌ನಲ್ಲೇ ವಿಮಾನದ ಟಿಕೆಟ್ ಅಂತ ದೊಡ್ಡ ಮೊತ್ತ ಖರ್ಚು ಮಾಡಿದ್ದರೂ ಅದು ಜನವರಿಯ ಪ್ರಯಾಣಕ್ಕೆ ಮಾತ್ರ ಉಪಯೋಗ. ಮನೆ ಬಾಡಿಗೆ, ಪೆಟ್ರೋಲ್, ವಾಲೆಟ್‌ಗೆ ತುಂಬಿಸಿದ ದುಡ್ಡು, ಇಎಂಐ, ಇವು ಯಾವುವೂ ಲೆಕ್ಕಕ್ಕಿಲ್ಲ. ನನ್ನ ಖರ್ಚು ಆ ಮೊತ್ತ ದಾಟಿತ್ತು, ಬಚಾವ್. ಬೇರೆ ಬ್ಯಾಂಕುಗಳಲ್ಲಿ ಲೆಕ್ಕ ಬೇರೆ ಥರ ಇರುತ್ತದೆ, ಆದ್ದರಿಂದ ನಿಮ್ಮ ಬ್ಯಾಂಕಿಗೇ ಫೋನ್ ಮಾಡಿ. ಕೇಳುವಾಗ "ಲೌಂಜ್ ಇದೆಯಾ" ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. "ಈ ತಿಂಗಳು ನನ್ನ ಕಾರ್ಡಿಗೆ ಎಷ್ಟು ಸಲ ಬಾಕಿ ಇದೆ, ಉಜ್ಜಬೇಕಾ, ವೋಚರ್ ಬೇಕಾ, ಆಡ್ ಆನ್ ಕಾರ್ಡಿಗೆ ಬೇರೆ ಲೆಕ್ಕವಾ, ಒಂದೇ ಲೆಕ್ಕವಾ" ಅಂತ ಕೇಳಿ. ಆಡ್ ಆನ್ ಕಾರ್ಡ್ ಬಗ್ಗೆ ಅವಳು ಕೊಟ್ಟ ಉತ್ತರ "ಅದೂ ನಡೆಯುತ್ತೆ" ಅಂತ. ನಡೆಯುತ್ತೆ ಅನ್ನುವುದು ನಿಜವೇ. ಹೇಗೆ ನಡೆಯುತ್ತೆ ಅನ್ನುವುದನ್ನು ಮಾತ್ರ ಅವಳು ಹೇಳಲಿಲ್ಲ.

ಅಮ್ಮನ ಬ್ಯಾಂಕಿನ ಶಾಖೆಗೂ ಹೋಗಿ ಕೇಳಿದ್ದೆ. ರುಪೇ ಕ್ಲಾಸಿಕ್ ಕಾರ್ಡಿಗೆ ಈ ಸೌಲಭ್ಯ ಇಲ್ಲ, ಪ್ಲಾಟಿನಂ ಅಂತ ಬರೆದಿದ್ದರೆ ಮೂರು ತಿಂಗಳಿಗೊಮ್ಮೆ ಸಿಗುತ್ತದೆ ಅಂದರು. ಕಾರ್ಡ್ ಮೇಲೆ ಪ್ಲಾಟಿನಂ ಅಂತ ದಪ್ಪ ಅಕ್ಷರದಲ್ಲೇ ಇತ್ತು. ಸರಿ ಅಂತ ಬಂದೆ.

ಹೊರಡುವ ದಿನ ದಸರಾ ರಜೆಯ ಗಲಾಟೆ. ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯುವಜ್ರ ಕೆಐಎ-9 ಬಸ್ ಇದೆ, ನಾನು ಒಬ್ಬನೇ ಆದರೆ ಅದರಲ್ಲೇ ಹೋಗುವುದು. ಅಪ್ಪನ ಕಾಲು, ಎರಡು ದೊಡ್ಡ ಬ್ಯಾಗ್ ನೋಡಿ ಈ ಸಲ ಕ್ಯಾಬ್ ಮಾಡಿದೆ. ಟೋಲ್ ಸೇರಿ ಸಾವಿರದ ಹತ್ತಿರ ಬಂತು. ಆ ಹೊತ್ತಿನಲ್ಲಿ ಹೆಬ್ಬಾಳ ಖಾಲಿ ಇರುತ್ತದೆ, ಒಂದು ಗಂಟೆಯೊಳಗೆ ತಲುಪಿದೆವು. ಟಿಕೆಟ್‌ನಲ್ಲಿ ಟಿ1 (ಟರ್ಮಿನಲ್ 1) ಅಂತ ಇದೆಯಾ ಟಿ2 ಅಂತ ಇದೆಯಾ ಅಂತ ಮನೆಯಲ್ಲೇ ನೋಡಿ ಚಾಲಕನಿಗೆ ಹೇಳಿಬಿಡಿ. ಎರಡರ ನಡುವೆ ಉಚಿತ ಬಸ್ ಓಡಾಡುತ್ತದೆ, ಆದರೆ ಬ್ಯಾಗು, ವಯಸ್ಸಾದವರ ಜೊತೆ ಅದು ಬೇಡದ ಸುತ್ತಾಟ. ಲೌಂಜ್ ಇರುವುದು ಭದ್ರತಾ ತಪಾಸಣೆ ದಾಟಿದ ಮೇಲೆ. ಹಾಗಾಗಿ ನಿಮ್ಮ ವಿಮಾನ ಯಾವ ಟರ್ಮಿನಲ್‌ನದೋ ಅಲ್ಲಿನ ಲೌಂಜಿಗೇ ಹೋಗಬೇಕು. ಆ ಟರ್ಮಿನಲ್ ಲೌಂಜ್ ಚೆನ್ನಾಗಿದೆಯಂತೆ ಅಂತ ಇಲ್ಲಿಂದ ಅಲ್ಲಿಗೆ ಹೋಗಲು ಆಗುವುದಿಲ್ಲ.

ನಮ್ಮದು ಟಿ2. 2022ರ ನವೆಂಬರ್ 11ರಂದು ಇದರ ಉದ್ಘಾಟನೆ ಆಗಿತ್ತು, ಅದೇ ದಿನ ಕೆಂಪೇಗೌಡರ 108 ಅಡಿ ಪ್ರತಿಮೆಯ ಅನಾವರಣವೂ ಆಯಿತು. ಅಪ್ಪನಿಗೆ ಆ ಪ್ರತಿಮೆ ನೋಡುವ ಆಸೆ ಬಹಳ ಇತ್ತು. ಕತ್ತಲಲ್ಲಿ ಸರಿಯಾಗಿ ನೋಡಲು ಆಗಲಿಲ್ಲ, ವಾಪಸ್ ಬರುವಾಗ ತೋರಿಸುತ್ತೇನೆ ಅಂದೆ. ಟರ್ಮಿನಲ್ ಒಳಗೆ ಕಾಲಿಟ್ಟ ಕೂಡಲೇ ಅಮ್ಮ ತಲೆ ಎತ್ತಿ ನಿಂತುಬಿಟ್ಟರು. ಛಾವಣಿಯ ತುಂಬ ಬಿದಿರು, ಮೇಲಿನಿಂದ ಇಳಿಬಿದ್ದ ಗಿಡಗಳು. "ಇದಕ್ಕೆಲ್ಲ ನೀರು ಯಾರು ಹಾಕ್ತಾರೆ?" ಅಂತ ಕೇಳಿದರು. ನಿಜಕ್ಕೂ ಚೆಂದ ಕಟ್ಟಿದ್ದಾರೆ. ನಮ್ಮ ಊರಿನದು ಅಂತ ಹೆಮ್ಮೆ ಆಗುತ್ತದೆ.

ಡಿಜಿಯಾತ್ರಾ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಇದು 2022ರ ಡಿಸೆಂಬರ್‌ನಿಂದಲೇ ಇದೆ. ಆಧಾರ್ ಮತ್ತು ಬೋರ್ಡಿಂಗ್ ಪಾಸ್ ಆಪ್‌ನಲ್ಲಿ ಸೇರಿಸಿಕೊಂಡರೆ ಮುಖ ತೋರಿಸಿ ಬಾಗಿಲು ದಾಟಬಹುದು. ಆದರೆ ಅಪ್ಪ ಅಮ್ಮನ ಫೋನಿನಲ್ಲಿ ಅದು ಇರಲಿಲ್ಲ. ಒಬ್ಬರಿಗೆ ಮಾತ್ರ ಇದ್ದು ಪ್ರಯೋಜನ ಇಲ್ಲ, ಎಲ್ಲರೂ ಮಾಮೂಲಿ ಸಾಲಿನಲ್ಲೇ ಹೋದೆವು. ಮೂಲ ಆಧಾರ್ ಕಾರ್ಡ್ ಕೈಯಲ್ಲಿರಲಿ, ಮುಂದೆ ಲೌಂಜಿನಲ್ಲೂ ಕೆಲಸಕ್ಕೆ ಬರುತ್ತದೆ.

ಅಪ್ಪನಿಗೆ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹೇಳಿದ್ದೆ. 48 ಗಂಟೆ ಮೊದಲಾದರೂ ಹೇಳಿರಬೇಕು. ಚೆಕ್ ಇನ್ ಕೌಂಟರ್‌ನಲ್ಲಿ ಒಬ್ಬ ಹುಡುಗ ಕುರ್ಚಿ ತಂದ, ಭದ್ರತಾ ತಪಾಸಣೆಗೆ ಬೇರೆ ಕಡೆಯಿಂದ ಬೇಗ ಕರೆದುಕೊಂಡು ಹೋದ. ಅಲ್ಲಿಯವರೆಗೂ ಎಲ್ಲ ಸುಲಭ. ಮೊಣಕಾಲಿಗೆ ಲೋಹ ಹಾಕಿಸಿದವರಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಪ್ರತಿ ಇಟ್ಟುಕೊಳ್ಳಿ. ಯಂತ್ರ ಕೂಗಿಯೇ ಕೂಗುತ್ತದೆ. ಸಿಐಎಸ್ಎಫ್‌ನವರು ಗೌರವದಿಂದಲೇ ಪಕ್ಕಕ್ಕೆ ಕರೆದು ಕೈ ಯಂತ್ರದಿಂದ ನೋಡಿದರು, ಕಾಗದ ತೋರಿಸಿದಾಗ ಮಾತು ಬೇಗ ಮುಗಿಯಿತು. ಅಮ್ಮನ ಮಾತ್ರೆಗಳು, ವೈದ್ಯರ ಚೀಟಿ ಎರಡೂ ಕೈಚೀಲದಲ್ಲೇ ಇದ್ದವು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಪಾತಿ, ಹುರುಳಿಕಾಯಿ ಪಲ್ಯದ ಡಬ್ಬಿಯನ್ನು ಯಾರೂ ಕೇಳಲಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಇಂಥ ಒಣ ತಿಂಡಿ ತಗೊಂಡು ಹೋಗಬಹುದು. ಒಣ ಕೊಬ್ಬರಿ ಮಾತ್ರ ಬೇಡ, ಪೂಜೆಗೆ ಅಂತ ಬ್ಯಾಗಿನಲ್ಲಿ ಇಟ್ಟಿದ್ದರೆ ತೆಗೆಸಿಬಿಡುತ್ತಾರೆ.

ತಪಾಸಣೆ ಮುಗಿದಾಗ ಐದೂವರೆ ದಾಟಿತ್ತು. ಗಾಲಿಕುರ್ಚಿಯ ಹುಡುಗನಿಗೆ ಲೌಂಜಿಗೆ ಹೋಗೋಣ ಅಂದೆ. ಅವನು ಬಾಗಿಲ ತನಕ ಬಿಡುತ್ತೇನೆ, ಆದರೆ ಕಾಯಲು ಆಗುವುದಿಲ್ಲ, ಕುರ್ಚಿಯನ್ನೂ ಬಿಟ್ಟು ಹೋಗುವಂತಿಲ್ಲ, ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ ಅಂದ. ಪಾಪ, ಅವನದೇನೂ ತಪ್ಪಿಲ್ಲ. ಆದರೆ ಇದನ್ನು ವಿಮಾನ ಕಂಪನಿಯವರು ಮೊದಲೇ ಹೇಳಿರಲಿಲ್ಲ. ಗೇಟಿಗೆ ಹೋಗುವಾಗ ಮತ್ತೆ ಕುರ್ಚಿ ಬೇಕಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ ನಂಬರ್ ಬರೆದುಕೊಂಡೆ. ನೀವೂ ಇದನ್ನು ಮರೆಯಬೇಡಿ. ನಂಬರ್ ತಗೊಳ್ಳದೆ ಆ ಹುಡುಗನನ್ನು ಕಳುಹಿಸಿಬಿಟ್ಟರೆ ಅಷ್ಟು ದೊಡ್ಡ ಕಟ್ಟಡದಲ್ಲಿ ಇನ್ನೊಂದು ಕುರ್ಚಿ ಹುಡುಕುವುದು ಬಹಳ ಕಷ್ಟ.

ಲೌಂಜಿನ ಮುಂದೆ ಬಂದು ನೋಡಿದರೆ ಸಾಲು. ಒಳಗೆ ಜಾಗ ಖಾಲಿ ಆದಂತೆ ನಾಲ್ಕೈದು ಜನರನ್ನು ಬಿಡುತ್ತಿದ್ದರು. ಆಫೀಸ್ ಕೆಲಸಕ್ಕೆ ದೆಹಲಿ, ಮುಂಬೈಗೆ ಹೋಗುವವರು, ಮಕ್ಕಳನ್ನು ಕರೆದುಕೊಂಡು ರಜೆಗೆ ಹೊರಟವರು, ಎಲ್ಲರೂ ಅಲ್ಲೇ. ಐದರಿಂದ ಎಂಟರ ತನಕ ದಿನವೂ ಹೀಗೇ, ರಜೆಯಲ್ಲಿ ಇನ್ನೂ ಜಾಸ್ತಿ ಅಂತ ಅಲ್ಲಿನ ಸಿಬ್ಬಂದಿಯೇ ಹೇಳಿದರು. ಸಾಲಿನಲ್ಲಿ ಕೂರಲು ಏನೂ ಇಲ್ಲ. ಅಪ್ಪ ಗೋಡೆಗೆ ಒರಗಿ ನಿಂತರು. ಹತ್ತು ನಿಮಿಷ ಆಗುವಷ್ಟರಲ್ಲಿ ಅವರ ಮುಖ ನೋಡಿ ನನಗೆ ಸಂಕಟ ಆಯಿತು. ಯಾರಿಗಾಗಿ ಈ ಲೌಂಜ್ ಅಂತ ಬಂದೆವೋ ಅವರೇ ನೋವು ತಿನ್ನುವುದು ಯಾವ ನ್ಯಾಯ? ನೇರ ಮುಂದೆ ಹೋಗಿ ಬಾಗಿಲಲ್ಲಿದ್ದ ಹುಡುಗಿಗೆ ಕನ್ನಡದಲ್ಲೇ ಹೇಳಿದೆ, ಅಪ್ಪನಿಗೆ ಕಾಲು ಆಪರೇಷನ್ ಆಗಿದೆ, ಒಂದು ಕುರ್ಚಿ ಕೊಡಮ್ಮ ಅಂತ. ಅವಳು ಕೂಡಲೇ ಒಳಗಿನಿಂದ ಕುರ್ಚಿ ತರಿಸಿ ಬಾಗಿಲ ಪಕ್ಕದಲ್ಲೇ ಹಾಕಿಸಿದಳು, ನೀರೂ ಕೊಟ್ಟಳು. ಕೇಳಿದರೆ ಕೊಡುತ್ತಾರೆ. ಕೇಳದೆ ಇದ್ದರೆ ಆ ಗದ್ದಲದಲ್ಲಿ ಯಾರಿಗೂ ಕಾಣುವುದಿಲ್ಲ. ಸಂಕೋಚ ಬೇಡ.

ಅಮ್ಮ ಐದೂವರೆಗೇ ಮಾತ್ರೆ ತಗೊಂಡುಬಿಟ್ಟಿದ್ದರು, ಇನ್ನೇನು ತಿಂಡಿ ಸಿಗುತ್ತದೆ ಅಂತ. ಸಾಲು ನೋಡಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ಹಾಗಿರಲಿಲ್ಲ. ಆಗ ಕೈ ಹಿಡಿದದ್ದು ಚಪಾತಿ ಡಬ್ಬಿ. ಅಪ್ಪನ ಕುರ್ಚಿಯ ಪಕ್ಕ ನಿಂತುಕೊಂಡೇ ಒಂದೂವರೆ ಚಪಾತಿ ತಿಂದರು. ಹಿಂದಿನ ರಾತ್ರಿ ಅದನ್ನು ಕಟ್ಟುವಾಗ "ಅಲ್ಲಿ ತಿಂಡಿ ಇರುತ್ತೆ ಅಂತೀಯ, ಮತ್ತೆ ಇದು ಯಾಕೆ?" ಅಂತ ಅಮ್ಮನೇ ಕೇಳಿದ್ದರು. ಶುಗರ್ ಇರುವವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಲೌಂಜ್ ನಂಬಿಕೊಂಡು ಖಾಲಿ ಕೈಯಲ್ಲಿ ಹೋಗಲೇಬೇಡಿ. ಮಾತ್ರೆಯನ್ನೂ ಒಳಗೆ ಕೂತು ತಟ್ಟೆ ಮುಂದೆ ಬಂದ ಮೇಲೆ ತಗೊಳ್ಳುವುದು ಒಳ್ಳೆಯದು.

ಸಾಲಿನಲ್ಲಿ ನಮ್ಮ ಹಿಂದೆ ಇದ್ದ ಹುಡುಗನೊಬ್ಬನ ಹತ್ತಿರ ಕಾರ್ಡ್ ಇರಲಿಲ್ಲ, ಅದರ ಫೋಟೋ ಮಾತ್ರ ಇತ್ತು. ಫೋನಿನಲ್ಲಿ ಯಾವುದೋ ಲೌಂಜ್ ಆಪ್ ಹುಡುಕುತ್ತಿದ್ದ. ನಾನು ತಡೆದು ಹೇಳಿದೆ. ಇಲ್ಲೂ ಬರೆಯುತ್ತೇನೆ, ಇದು ಮುಖ್ಯ. 2024ರಲ್ಲಿ ಇದೇ ಬೆಂಗಳೂರು ಏರ್‌ಪೋರ್ಟಿನಲ್ಲಿ ಒಬ್ಬ ಮಹಿಳೆಗೆ ಹೀಗೇ ಆಗಿತ್ತು, ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕಾರ್ಡ್ ಮನೆಯಲ್ಲಿದೆ, ಫೋಟೋ ಇದೆ ಅಂದಾಗ ಅವರಿಗೆ ಒಂದು ಆಪ್ ಹಾಕಿಕೊಳ್ಳಲು ಹೇಳಿದರಂತೆ. ಅದು ನಕಲಿ ಆಪ್. ಫೋನಿಗೆ ಬರುವ ಎಸ್ಎಂಎಸ್‌ಗಳನ್ನು ಕಳ್ಳರಿಗೆ ತಲುಪಿಸುವಂಥದ್ದು. ಒಟಿಪಿ ಅವರ ಕೈ ಸೇರಿದ ಮೇಲೆ ಉಳಿಯುವುದೇನು? ಆ ಮಹಿಳೆಯ ಕ್ರೆಡಿಟ್ ಕಾರ್ಡಿನಿಂದ 87,000 ರೂಪಾಯಿಗೂ ಜಾಸ್ತಿ ಹೋಯಿತು. ಆದ್ದರಿಂದ ವಾಟ್ಸಾಪ್‌ನಲ್ಲಿ ಬಂದ ಲಿಂಕ್, ಹುಡುಕಿದಾಗ ಸಿಕ್ಕಿದ ಯಾವುದೋ ಆಪ್ ಹಾಕಿಕೊಳ್ಳಬೇಡಿ. ವೋಚರ್ ಬೇಕಾದರೆ ನಿಮ್ಮ ಬ್ಯಾಂಕಿನ ಆಪ್ ಒಳಗೆ ಹೋಗಿಯೇ ತೆಗೆಯಿರಿ. ಮೋಸ ಆದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ಕೈ ತಪ್ಪುತ್ತದೆ. ಆ ಹುಡುಗ ಆಪ್ ಹಾಕಿಕೊಳ್ಳಲಿಲ್ಲ, ಕಾಫಿ ಅಂಗಡಿ ಕಡೆ ಹೋದ.

ಸುಮಾರು ಮುಕ್ಕಾಲು ಗಂಟೆ ಕಾದ ಮೇಲೆ ಕೌಂಟರ್ ಸಿಕ್ಕಿತು. ನನ್ನ ಕಾರ್ಡ್, ಬೋರ್ಡಿಂಗ್ ಪಾಸ್ ಕೊಟ್ಟೆ. ಎರಡು ರೂಪಾಯಿ ಹೋಯಿತು, ಚೀಟಿ ಬಂತು, ಅರ್ಧ ನಿಮಿಷದ ಕೆಲಸ. ಅಪ್ಪನ ಕಾರ್ಡಿಗೆ ಯಂತ್ರ ಒಪ್ಪಲಿಲ್ಲ. ಆಡ್ ಆನ್ ಕಾರ್ಡಿಗೆ ಬ್ಯಾಂಕ್ ಆಪ್‌ನಲ್ಲಿ ವೋಚರ್ ತೆಗೆಯಬೇಕು, ಅದು ಮುಖ್ಯ ಕಾರ್ಡಿನವರ ಲಾಗಿನ್‌ನಲ್ಲಿ ಮಾತ್ರ ಸಿಗುತ್ತದೆ ಅಂದರು. ಸಹಾಯವಾಣಿಯಲ್ಲಿ ಹೇಳದೇ ಬಿಟ್ಟದ್ದು ಇದೇ. ಅಲ್ಲೇ ನಿಂತು ಆಪ್ ತೆರೆದೆ. ಅಷ್ಟು ಜನರ ನಡುವೆ ನೆಟ್‌ವರ್ಕ್ ಎಳೆಯುತ್ತಿಲ್ಲ. ಏರ್‌ಪೋರ್ಟ್ ವೈಫೈಗೆ ಸೇರೋಣ ಅಂದರೆ ಅದಕ್ಕೂ ಒಂದು ಒಟಿಪಿ. ಅದಾದ ಮೇಲೆ ಬ್ಯಾಂಕಿನ ಒಟಿಪಿ. ಹಿಂದಿನವರು ಗೊಣಗುವುದು ಕೇಳಿಸುತ್ತಿತ್ತು, ಅವರ ಅವಸರವೂ ನಿಜವೇ ಅಲ್ವಾ? ಕೊನೆಗೂ ಕ್ಯೂಆರ್ ಬಂತು. ಕಾರ್ಡಿನ ಮೇಲೆ ಅಪ್ಪನ ಹೆಸರಿಗೆ ಮುಂದೆ ಎರಡು ಇನಿಷಿಯಲ್, ಟಿಕೆಟ್‌ನಲ್ಲಿ ಆಧಾರ್ ಪ್ರಕಾರ ಊರಿನ ಹೆಸರು, ತಾತನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ನಮ್ಮ ಕಡೆಯವರಿಗೆ ಇದು ಎಲ್ಲ ಕಡೆಯೂ ಇರುವ ತಾಪತ್ರಯ. ಆಧಾರ್ ತೋರಿಸಿ, ಈ ಅಕ್ಷರ ಅಂದರೆ ಈ ಊರು ಅಂತ ವಿವರಿಸಿದೆ. ಆ ಸಿಬ್ಬಂದಿ ಕನ್ನಡದವರೇ ಆದ್ದರಿಂದ ಅರ್ಥ ಮಾಡಿಕೊಂಡರು.

ಅಮ್ಮನ ಕಾರ್ಡ್ ಮಾತ್ರ ಆಗಲೇ ಇಲ್ಲ. ಉಜ್ಜಿದರೆ ಅರ್ಹತೆ ಇಲ್ಲ ಅಂತ ಬರುತ್ತಿತ್ತು. ಬ್ಯಾಂಕಿನ ಕಡೆಯಿಂದಲೇ ಹಾಗೆ ಬರುತ್ತಿದೆ, ನಾವು ಏನೂ ಮಾಡಲು ಆಗುವುದಿಲ್ಲ ಅಂದರು. ಶಾಖೆಗೇ ಹೋಗಿ ಕೇಳಿಕೊಂಡು ಬಂದ ಕಾರ್ಡ್ ಅದು. ಅಮ್ಮ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ನೀವಿಬ್ಬರು ಹೋಗಿ, ನಾನು ಹೊರಗೆ ಕೂತಿರ್ತೀನಿ, ನಂದು ಚಪಾತಿ ಆಯ್ತಲ್ಲ" ಅಂದರು. ಆ ಮಾತು ನನಗೆ ತುಂಬಾ ಚುಚ್ಚಿತು. ಜೀವನವಿಡೀ ನೌಕರಿ ಮಾಡಿ ಪಿಂಚಣಿ ತಗೊಳ್ಳುವವರು, ತಮ್ಮದೇ ಕಾರ್ಡ್ ಹಿಡಿದು ಬಂದು, ಎಲ್ಲರ ಮುಂದೆ "ಅರ್ಹತೆ ಇಲ್ಲ" ಅಂತ ಕೇಳಿಸಿಕೊಳ್ಳಬೇಕಾ? ದುಡ್ಡು ಕಟ್ಟಿ ಹೋಗುವ ದಾರಿ ಇದೆಯಾ ಅಂತ ಕೇಳಿದೆ. ಇದೆ, ತೆರಿಗೆ ಸೇರಿ ಸಾವಿರದ ಮೇಲೆ ಆಯಿತು. ಅಮ್ಮ ಬೇಡ ಬೇಡ ಅಂದರೂ ಯುಪಿಐನಲ್ಲಿ ಕಟ್ಟಿ ರಸೀದಿ ತಗೊಂಡೆ. ರಸೀದಿ, ಕಾರ್ಡ್ ನಿರಾಕರಿಸಿದ ಚೀಟಿ, ಎರಡನ್ನೂ ಕೇಳಿ ತಗೊಳ್ಳಿ. ಆಮೇಲೆ ಬ್ಯಾಂಕಿಗೆ ಬರೆಯಲು ಅವೇ ಬೇಕು.

ಒಳಗೆ ಹೋದಾಗ ಆರೂಮುಕ್ಕಾಲು. ಮೂವರಿಗೆ ಒಟ್ಟಿಗೆ ಜಾಗ ಇರಲಿಲ್ಲ. ಊಟದ ಮೇಜುಗಳ ಹತ್ತಿರ ಹುಡುಕಬೇಡಿ, ಅಲ್ಲೇ ಎಲ್ಲರೂ ಮುಗಿಬೀಳುತ್ತಾರೆ. ಸ್ವಲ್ಪ ಒಳಗೆ ಮೂಲೆಯಲ್ಲಿ ನೋಡಿದರೆ ಮೆತ್ತನೆ ಕುರ್ಚಿಗಳು ಸಿಗುತ್ತವೆ. ಅಪ್ಪನನ್ನು ಅಲ್ಲಿ ಕೂರಿಸಿ ಕಾಲು ಚಾಚಿಕೊಳ್ಳಲು ಜಾಗ ಮಾಡಿಕೊಟ್ಟೆ. ಅವರು ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟರು. ಆ ಕ್ಷಣಕ್ಕೆ ಅಷ್ಟೂ ಒದ್ದಾಟ ಸಾರ್ಥಕ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ತಿಂಡಿ ಚೆನ್ನಾಗಿತ್ತು. ಇಡ್ಲಿ, ವಡೆ, ಉಪ್ಪಿಟ್ಟು, ಪೂರಿ, ಬ್ರೆಡ್ಡು, ಆಮ್ಲೆಟ್, ಹಣ್ಣು. ಇಡ್ಲಿ ಬಿಸಿ ಇತ್ತು, ಚಟ್ನಿ ಸಾಧಾರಣ. ಫಿಲ್ಟರ್ ಕಾಫಿಗೆ ಸಕ್ಕರೆ ಬೇಡ ಅಂತ ಮೊದಲೇ ಹೇಳಬೇಕು, ಹೇಳಿದರೆ ಬೇರೆ ಮಾಡಿಕೊಡುತ್ತಾರೆ. ಅಮ್ಮನಿಗೆ ಎರಡು ಇಡ್ಲಿ, ಸ್ವಲ್ಪ ಪರಂಗಿ ಹಣ್ಣು ತಂದುಕೊಟ್ಟೆ. ಸಾವಿರ ರೂಪಾಯಿ ಕೊಟ್ಟಾಗಿದೆ ಅನ್ನುವ ಸಂಕಟಕ್ಕೆ ಅವರು ಇನ್ನೊಂದು ವಡೆ ತಿನ್ನಲು ನೋಡಿದರು, ನಾನು ಬೇಡ ಅಂದೆ. ತಿಂಡಿಯನ್ನು ಕಟ್ಟಿಕೊಂಡು ಹೊರಗೆ ತರಲು ಬಿಡುವುದಿಲ್ಲ. ಶೌಚಾಲಯ ಶುಚಿಯಾಗಿತ್ತು, ಸಾಲು ಇರಲಿಲ್ಲ, ವಯಸ್ಸಾದವರಿಗೆ ಇದು ತಿಂಡಿಗಿಂತ ದೊಡ್ಡ ಉಪಕಾರ. ಫೋನ್ ಚಾರ್ಜ್ ಮಾಡಲು ಪ್ಲಗ್ ಎಲ್ಲ ಕಡೆ ಇದೆ. ಎರಡು ಗಂಟೆ ಕೂರಬಹುದು ಅಂತ ಚೀಟಿಯಲ್ಲಿ ಬರೆದಿತ್ತು. ನಮಗೆ ಸಿಕ್ಕಿದ್ದು ಅರ್ಧ ಗಂಟೆಗೂ ಕಮ್ಮಿ.

ಯಾಕೆಂದರೆ ಒಳಗೆ ವಿಮಾನದ ಘೋಷಣೆ ಕೇಳಿಸುವುದಿಲ್ಲ. ಪರದೆ ನೋಡಿಕೊಂಡಿರಬೇಕು. ಬೋರ್ಡಿಂಗ್ ಪಾಸಿನ ಮೇಲೆ ಗೇಟ್ 25 ನಿಮಿಷ ಮೊದಲೇ ಮುಚ್ಚುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಅಂದರೆ ಎಂಟಕ್ಕೆ ವಿಮಾನ ಇದ್ದರೆ ಏಳು ಮೂವತ್ತೈದಕ್ಕೆ ಗೇಟ್ ಬಂದ್. ಟಿ2 ದೊಡ್ಡದು, ನಡೆಯುವುದು ಬಹಳ ಇದೆ. ಏಳಕ್ಕೇ ಗಾಲಿಕುರ್ಚಿಯ ನಂಬರಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಅಂದರು. ಬರಲಿಲ್ಲ. ಮತ್ತೆ ಮಾಡಿದೆ. ಬಂದಾಗ ಹತ್ತು ನಿಮಿಷ ಹೆಚ್ಚೇ ಆಗಿತ್ತು, ಬಂದವನು ಬೇರೆ ಹುಡುಗ, ಅವನಿಗೆ ನಮ್ಮ ಗೇಟ್ ಗೊತ್ತಿರಲಿಲ್ಲ. ಗೇಟ್ ತಲುಪಿದಾಗ ಬೋರ್ಡಿಂಗ್ ನಡೆಯುತ್ತಿತ್ತು. ಅಮ್ಮ ಏದುಸಿರು ಬಿಡುತ್ತಿದ್ದರು. ಗಾಲಿಕುರ್ಚಿ ಬೇಕಾದವರು ಗೇಟ್ ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಇರುವಾಗಲೇ ಫೋನ್ ಮಾಡಿ. ಒಳಗೆ ಇನ್ನೂ ಒಂದು ಕಾಫಿ ಕುಡಿಯಬಹುದಿತ್ತು ಅನ್ನಿಸಿದರೂ ಪರವಾಗಿಲ್ಲ.

ಹಾಗಾದರೆ ಹೋಗಬೇಕಾ ಬೇಡವಾ? ಒಬ್ಬರೇ, ಗಟ್ಟಿಮುಟ್ಟಾಗಿ ಇರುವವರು, ಬೆಳಗಿನ ಹೊತ್ತು, ಕೈಯಲ್ಲಿ ಒಂದು ಗಂಟೆ ಮಾತ್ರ ಇದ್ದರೆ ಆ ಸಾಲಿನಲ್ಲಿ ನಿಲ್ಲುವುದು ಸುಮ್ನೆ ದಂಡ. ಗೇಟ್ ಹತ್ತಿರ ಕೂತು ಒಂದು ಕಾಫಿ ಕುಡಿಯಿರಿ. ಕಾಫಿ ಮಾತ್ರ ಆದರೆ ಹೊರಗೂ ಜಾಸ್ತಿ ಖರ್ಚಿಲ್ಲ. ವಿಮಾನ ತಡ ಆಗಿದೆ, ಮಧ್ಯಾಹ್ನದ ಹೊತ್ತು, ಜೊತೆಯಲ್ಲಿ ವಯಸ್ಸಾದವರಿದ್ದಾರೆ ಅಂದರೆ ಖಂಡಿತ ಹೋಗಿ. ಆದರೆ ಕಾರ್ಡಿನ ಕೆಲಸವೆಲ್ಲ ಮನೆಯಲ್ಲೇ ಮುಗಿದಿರಬೇಕು. ವೋಚರ್ ಬೇಕಾದ ಕಾರ್ಡಾದರೆ ಹಿಂದಿನ ರಾತ್ರಿ ಮನೆಯ ವೈಫೈನಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತೆಗೆಯುವಾಗ ಅದರ ಅವಧಿ ಎಷ್ಟು ಅಂತ ನೋಡಿ. ಪ್ಲಾಸ್ಟಿಕ್ ಕಾರ್ಡೂ ಜೊತೆಗಿರಲಿ. ತಂದೆ ತಾಯಿಗೆ ಬೇರೆ ಕಾರ್ಡ್ ಇಲ್ಲದಿದ್ದರೆ ನಿಮ್ಮ ಕಾರ್ಡಿನಲ್ಲಿ ಅತಿಥಿಗಳಿಗೆ ಅವಕಾಶ ಇದೆಯಾ ಅಂತ ಕೇಳಿ. ಹೆಚ್ಚಿನ ಕಾರ್ಡುಗಳಲ್ಲಿ ಇರುವುದಿಲ್ಲ, ಇದ್ದರೂ ಪ್ರತಿಯೊಬ್ಬರಿಗೂ ಒಂದೊಂದು ಸಲ ಕಳೆಯುತ್ತಾರೆ, ಇಲ್ಲವೇ ದುಡ್ಡು ಹಾಕುತ್ತಾರೆ.

ವಾಪಸ್ ಬಂದ ಮೇಲೆ ಅಮ್ಮನ ಬ್ಯಾಂಕಿಗೆ ಬರೆದೆ, ಎರಡು ಚೀಟಿಯನ್ನೂ ಲಗತ್ತಿಸಿದೆ. ಉತ್ತರ ಬಂತು. ಹಿಂದಿನ ತ್ರೈಮಾಸಿಕದಲ್ಲಿ ಆ ಡೆಬಿಟ್ ಕಾರ್ಡಿನಿಂದ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಇಷ್ಟು ಮೊತ್ತದ ಖರೀದಿ ಆಗಿರಬೇಕಂತೆ, ಎಟಿಎಂನಿಂದ ಹಣ ತೆಗೆದದ್ದು, ಯುಪಿಐ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ. ಪಿಂಚಣಿದಾರರಲ್ಲಿ ಎಷ್ಟು ಜನ ಡೆಬಿಟ್ ಕಾರ್ಡ್ ಉಜ್ಜಿ ಸಾಮಾನು ತರುತ್ತಾರೆ? ಈ ನಿಯಮ ಬದಲಾದ ಬಗ್ಗೆ ಅಮ್ಮನಿಗೆ ಒಂದು ಎಸ್ಎಂಎಸ್ ಕೂಡ ಬಂದಿಲ್ಲ, ಶಾಖೆಯವರಿಗೂ ಗೊತ್ತಿರಲಿಲ್ಲ. ನಾನು ಇದನ್ನೇ ಬರೆದು, ಶಾಖೆಯವರು ಹೇಳಿದ ಮಾತು ನಂಬಿ ಹೋಗಿದ್ದರಿಂದ ಕಟ್ಟಿದ ಹಣ ವಾಪಸ್ ಕೊಡಿ ಅಂತ ಎರಡನೇ ಸಲ ದೂರು ಕೊಟ್ಟಿದ್ದೇನೆ. ದೂರು ಕೊಟ್ಟು 30 ದಿನದೊಳಗೆ ಬ್ಯಾಂಕ್ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಬ್ಯಾಂಕಿಗೆ ಕೊಟ್ಟ ದೂರಿನ ಸಂಖ್ಯೆ, ಅವರ ಉತ್ತರ, ರಸೀದಿ ಇಷ್ಟು ಕೈಯಲ್ಲಿದ್ದರೆ ಸಾಕು. ನಮ್ಮದು ಮೂರೂ ಒಂದೇ ಫೈಲಿನಲ್ಲಿ ಇದೆ. ಬ್ಯಾಂಕಿನ ಗಡುವು ಮುಗಿದ ಮರುದಿನವೇ ಕಳುಹಿಸುತ್ತೇನೆ.